ಸುಬ್ಬು ‘ಬಿಡು’ ಅಂದದ್ದು

ಕಳೆದ ಚೈತ್ರದಲ್ಲಿ ಕಣ್ಣಿನ ಡಾಕ್ಟರಿಗೆ ತೋರಿಸಲೆಂದು ಕುಮಟೆಯಿಂದ ಹೊನ್ನಾವರಕ್ಕೆ ರಿಕ್ಷಾದಲ್ಲಿ ಹೊರಟಿದ್ದೆ. ಅರ್ಧ ದಾರಿಯಲ್ಲಿ ರಿಕ್ಷಾ ಗೊರಗೊರ ಅಂದು ನಿಂತಿತು. ಡ್ರೈವರ್ ನನ್ನನ್ನು ಹೆದ್ದಾರಿ ಬದಿಯ ಗ್ಯಾರೇಜಿನ ನೆರಳಲ್ಲಿ ಹಳೇ ಟಯರಿನ ಮೇಲೆ ಕೂರಿಸಿ, ‘ಐದೇ ನಿಮಿಷ ಅಜ್ಜಿ’ ಅಂದ. ಪಕ್ಕದಲ್ಲೇ ಒಬ್ಬ ಲಾರಿಯ ಅಡಿ ಮಲಗಿಕೊಂಡು ತುಕ್ಕು ಹಿಡಿದ ನಟ್ಟಿಗೆ ಸೀಮೆಎಣ್ಣೆ ಬಿಡುತ್ತಿದ್ದ. ತುಕ್ಕು, ಸೀಮೆಎಣ್ಣೆ, ಹಳೇ ಗ್ರೀಸು, ಕಾದ ಮಣ್ಣು ಎಲ್ಲ ಸೇರಿ ಒಂದು ವಾಸನೆ ಬರುತ್ತದೆ. ಅದು ಮೂಗಿಗೆ ಬಡಿದದ್ದೇ ನಾನು ಟಯರಿನಿಂದ ಎದ್ದೆ. ‘ಏ, ಅಚ್ಚಿನ ಅಡಿಗೂ ದಿಮ್ಮಿ ಇಟ್ಟಿದ್ಯೇನಾ?’ ಎಂದು ಕೂಗಿದೆ. ಅವನು ತಲೆ ಹೊರಗೆ ಹಾಕಿ, ಈ ಮುದುಕಿಗೆ ಎಂತ ಗೊತ್ತು ಎನ್ನುವ ಹಾಗೆ ನಕ್ಕ. ನಗಲಿ. ಎಂಬತ್ತು ದಾಟಿದವಳಿಗೆ ಇನ್ನೆಂತ ನಾಚಿಕೆ? ಅವನು ಎದ್ದು ಒಂದು ಮರದ ತುಂಡು ತಂದು ಇಡುವ ತನಕ ನಾನು ಅಲ್ಲಿಂದ ಕದಲಲಿಲ್ಲ.

ನಾನು ಹೇಳುವುದು ಹೊನ್ನಾವರದ ಹೊಳೆಗೆ ಸೇತುವೆ ಆಗಿರದ ಕಾಲದ ಮಾತು. ಅರವತ್ತರ ದಶಕದ ಮೊದಲ ವರ್ಷಗಳು. ನಮ್ಮ ಮನೆ ಧಾರೇಶ್ವರದಲ್ಲಿ ರಸ್ತೆಗೆ ಅಂಟಿಕೊಂಡೇ ಇತ್ತು. ಮನೆಯಲ್ಲಿ ನಾವು ಮೂವರು: ನಾವು ಆಯಿ ಅನ್ನುತ್ತಿದ್ದ ಅಮ್ಮ, ನಾನು, ನನಗಿಂತ ನಾಲ್ಕು ವರ್ಷಕ್ಕೆ ಚಿಕ್ಕವನಾದ ತಮ್ಮ ಸುಬ್ರಾಯ. ಅಪ್ಪ ನಾವು ಸಣ್ಣವರಿರುವಾಗಲೇ ತೀರಿಹೋಗಿದ್ದ. ನನ್ನನ್ನು ಹೊನ್ನಾವರದ ಕಡೆ ಕೊಟ್ಟಿದ್ದರು. ಮೂರನೇ ವರ್ಷಕ್ಕೆ ಗಂಡ ಇನ್ನೊಬ್ಬಳನ್ನು ಮನೆಗೆ ತಂದು, ನನ್ನನ್ನು ಟ್ರಂಕಿನ ಸಮೇತ ಬಸ್ಸಿಗೆ ಹತ್ತಿಸಿದ. ಅಂದಿನಿಂದ ಊರಿನವರ ಬಾಯಲ್ಲಿ ನಾನು ‘ಬಿಟ್ಟವಳು’. ಬಿಟ್ಟವನು ಅವನು, ಹೆಸರು ಮಾತ್ರ ನನಗೆ! ಎದುರಿಗೆ ಅನ್ನುವ ಧೈರ್ಯ ಯಾರಿಗೂ ಇರಲಿಲ್ಲ, ನನ್ನ ಬಾಯಿ ಅಂಥದ್ದು; ಬೆನ್ನ ಹಿಂದೆ ಎಲ್ಲರೂ ಅನ್ನುತ್ತಿದ್ದರು. ನಾನು ಟ್ರಂಕು ಇಳಿಸಿದ ದಿನ ಸುಬ್ಬು ಅದನ್ನು ಹೆಗಲಿಗೇರಿಸಿಕೊಂಡು, ‘ಒಳ್ಳೇದೇ ಆತು ಅಕ್ಕ, ಆಯಿ ಒಬ್ಳ ಬೈಗುಳ ನಂಗೆ ಸಾಕಾಗ್ತಿರ್ಲಿಲ್ಲ’ ಅಂದ. ನಗಬೇಕೋ ಅಳಬೇಕೋ ತಿಳಿಯದೆ ನಾನು ಬಾಗಿಲಲ್ಲೇ ಕೂತಿದ್ದೆ.

ಅವನು ಹುಬ್ಬಳ್ಳಿಯ ಗ್ಯಾರೇಜಿನಲ್ಲಿ ಆರು ವರ್ಷ ಕೆಲಸ ಕಲಿತವನು. ನಾನು ಹೇಳಹೊರಟ ವೈಶಾಖದ ಹಿಂದಿನ ದೀಪಾವಳಿಗೆ ಒಂದು ಲಾರಿ ಹೊಡೆದುಕೊಂಡು ಊರಿಗೆ ಬಂದಿದ್ದ. ಮಿಲಿಟರಿಯವರು ಹಳತಾಯಿತೆಂದು ತೆಗೆದುಹಾಕಿದ ಲಾರಿ. ಹಸಿರು ಬಣ್ಣ, ಎಲ್ಲಿಲ್ಲದ ಎತ್ತರ. ಆಯಿಗೆ ಹತ್ತಲು ಮಣೆ ಇಟ್ಟು, ಮಣೆಯ ಮೇಲೆ ಇನ್ನೊಂದು ಮಣೆ ಇಡಬೇಕಾಗಿತ್ತು. ಕುಂದಾಪುರದ ಕಡೆಯಿಂದ ಹಂಚು ತುಂಬಿಕೊಂಡು, ಭಟ್ಕಳದ ಮೇಲೆ ಬಂದು, ಹೊನ್ನಾವರದಲ್ಲಿ ಜಂಗಲಿನಲ್ಲಿ ಹೊಳೆ ದಾಟಿ ಕುಮಟೆಗೆ ಮುಟ್ಟಿಸುವುದು ಅವನ ಕೆಲಸ. ಎರಡು ದೊಡ್ಡ ದೋಣಿ ಜೋಡಿಸಿ ಹಲಗೆ ಹಾಸಿದ್ದಕ್ಕೆ ಜಂಗಲು ಅನ್ನುತ್ತಿದ್ದರು. ಹುಲ್ಲಿನ ಮಾಡುಗಳೆಲ್ಲ ಹಂಚಿನ ಮಾಡಾಗುತ್ತಿದ್ದ ಕಾಲ ಅದು. ವೈಶಾಖ ಬಂತೆಂದರೆ ಸಾಕು, ಮಳೆ ಬೀಳುವ ಮುಂಚೆ ಹಂಚು ಬರಲೇಬೇಕೆಂದು ಜನ ನಮ್ಮ ಅಂಗಳಕ್ಕೇ ಬಂದು ಕೂರುತ್ತಿದ್ದರು.

ಆದರೆ ಆ ಲಾರಿ ಹಂಚಿಗೆ ಹುಟ್ಟಿದ್ದಲ್ಲ. ಲಾರಿಯ ಕಬ್ಬಿಣದ ಚೌಕಟ್ಟಾದ ಚಾಸಿಗೂ ಹಿಂದಿನ ಚಕ್ರಗಳನ್ನು ಜೋಡಿಸುವ ದಪ್ಪ ಅಚ್ಚಿಗೂ ನಡುವೆ, ಬಾಗಿದ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಪೇರಿಸಿರುತ್ತಾರೆ. ಗ್ಯಾರೇಜಿನವರು ಅದಕ್ಕೆ ಪಾಟಾ ಅನ್ನುತ್ತಾರೆ. ಫಿರಂಗಿ ಹೊರಲೆಂದು ಈ ಲಾರಿಗೆ ಬೇಕಾದ್ದಕ್ಕಿಂತ ಹೆಚ್ಚು ಪಾಟಾ ಹಾಕಿದ್ದರು. ಹಾಗಾಗಿ ಅದು ನಿಂತಲ್ಲಿ ಎತ್ತರ, ಓಡಿದಲ್ಲಿ ಕಲ್ಲು. ಸಣ್ಣ ಗುಂಡಿಗೂ ಹಿಂದಿನ ಭಾಗ ಎಗರಿ ಬಿದ್ದು ಹಂಚು ಚಟಚಟ ಒಡೆಯುತ್ತಿತ್ತು. ಜಂಗಲಿನ ಮೇಲಂತೂ ಹೊಯ್ದಾಡುವುದು ನೋಡಿ ದೋಣಿಯವರು, ‘ಸುಬ್ರಾಯಾ, ಇದನ್ನ ಕೂರ್ಸ್ಕಂಡು ಬಾ ಮಾರಾಯಾ, ನಿಲ್ಸ್ಕಂಡು ಬರ್ಬೇಡ’ ಎಂದು ಬೈಯುತ್ತಿದ್ದರು. ಕಡೆಗೆ ಅವನು ಹಿಂದಿನ ಎರಡೂ ಬದಿಯಿಂದ ಎರಡೆರಡು ಪಾಟಾ ತೆಗೆದು ಲಾರಿಯನ್ನು ತಗ್ಗಿಸುವುದೆಂದು ನಿಶ್ಚಯಿಸಿದ. ಕುಮಟೆಯ ಗ್ಯಾರೇಜಿನವರು ವಾರಗಟ್ಟಲೆ ನಿಲ್ಲಿಸಬೇಕು ಅಂದರು. ಮಳೆ ತಲೆಯ ಮೇಲಿತ್ತು. ‘ಮನೇಲೇ ಎರಡು ದಿನದ ಕೆಲ್ಸ. ನಾ ಹುಬ್ಬಳ್ಳೀಲಿ ಇಂಥದ್ದು ಎಷ್ಟ್ ಮಾಡಿದ್ದೆ’ ಅಂದ.

ಆಯಿಗೆ ಮಗ ಲಾರಿಯಡಿ ಮಲಗುತ್ತಾನೆ ಎಂದರೇ ಹೆದರಿಕೆಯಾಗುತ್ತಿತ್ತು. ದೇವರಿಗೆ ಕಾಯಿ ಇಟ್ಟು ಬಂದು, ‘ಗಣಪತಿ ಕಾಯ್ತ, ಹೋಗು’ ಅಂದಳು. ಸುಬ್ಬು ಕಾಯಿಯ ಹೋಳು ಬಾಯಿಗೆ ಹಾಕಿಕೊಂಡು, ‘ಗಣಪತಿ ಕಾಯ್ತ ಆಯಿ, ಆದ್ರೆ ದಿಮ್ಮಿ ನಾನೇ ಇಡ್ಬೇಕು’ ಅಂದ.

ಅವನು ಅಷ್ಟು ಜಾಗ್ರತೆಯವನಾಗಿದ್ದ. ಇದನ್ನು ನಾನು ಒತ್ತಿ ಹೇಳುತ್ತೇನೆ, ಯಾಕೆಂದರೆ ಆಮೇಲೆ ಊರವರು ‘ಬಿಸಿ ರಕ್ತ, ಅವಸರ’ ಎಂದೆಲ್ಲ ಆಡಿಕೊಂಡರು. ಅವಸರ ಅವನದಾಗಿರಲಿಲ್ಲ. ಮೊದಲ ದಿನ ಬೆಳಿಗ್ಗೆ ಅಂಗಳದಲ್ಲಿ ಗಟ್ಟಿ ನೆಲ ಹುಡುಕಿ, ಅಲ್ಲಿ ನೀರು ಹೊಡೆದು, ನೆಲ ಗಟ್ಟಿಯಾಗಲು ಮರದ ಕೊಟ್ಟಣದಿಂದ ಬಡಿದು, ಆಮೇಲೆ ಲಾರಿ ನಿಲ್ಲಿಸಿದ. ಮುಂದಿನ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಟ್ಟ. ಹಿಂದಿನ ಭಾಗವನ್ನು ಜಾಕಿನಿಂದ ಎತ್ತಿ, ಚಾಸಿಯ ಅಡಿಗೆ ಮತ್ತಿ ಮರದ ದಿಮ್ಮಿಗಳನ್ನು ಅಡ್ಡ ಉದ್ದ ಪೇರಿಸಿ ಇಟ್ಟ. ಇಟ್ಟ ಮೇಲೆ ತಾನೂ ಕ್ಲೀನರ್ ಹೊನ್ನಪ್ಪನೂ ಸೇರಿ ಲಾರಿಗೆ ಹೆಗಲು ಕೊಟ್ಟು ತಳ್ಳಿ ನೋಡಿದರು. ಅಲುಗಲಿಲ್ಲ. ‘ಈಗ ನಾ ಅಡಿಗೆ ಹೋಪುದು’ ಎಂದು ಆಯಿಯನ್ನು ನೋಡಿ ಕಣ್ಣು ಹೊಡೆದ. ಆಯಿ, ‘ಹೋಗಾ, ನಾಚ್ಕೆ ಕೆಟ್ಟವ್ನೆ’ ಎಂದು ಒಳಗೆ ಹೋದಳು, ಆದರೆ ಕಿಟಕಿಯಿಂದ ಕದಲಲಿಲ್ಲ.

ಹೊನ್ನಪ್ಪ ನಲವತ್ತರ ಹತ್ತಿರದ ಮನುಷ್ಯ. ಕ್ಲೀನರ್ ಎಂದರೆ ಹುಡುಗ ಇರಬೇಕೆಂದು ಯಾರಾದರೂ ನಕ್ಕರೆ, ‘ಲಾರಿ ಹಳೇದು, ಕ್ಲೀನರೂ ಹಳೇದು’ ಅನ್ನುತ್ತಿದ್ದ. ನನ್ನನ್ನು ‘ತಂಗೀ’ ಎಂದು ಕರೆಯುತ್ತಿದ್ದ. ಅವನ ಏಳು ವರ್ಷದ ಮಗಳು ದೇವಿಗೆ ಮಾಘದಲ್ಲಿ ಜ್ವರ ಏರಿ, ಕೈ ಬಿಟ್ಟುಹೋಯಿತು ಅನ್ನುವಷ್ಟಾಗಿ ಉಳಿದಿತ್ತು. ಇಡಗುಂಜಿ ಗಣಪತಿಗೆ ಪಂಚಕಜ್ಜಾಯದ ಹರಕೆ ಹೊತ್ತಿದ್ದ.

ಅಚ್ಚಿಗೆ ಮಾತ್ರ ದಿಮ್ಮಿ ಇಡುವ ಹಾಗಿರಲಿಲ್ಲ. ಪಾಟಾ ಬಿಚ್ಚಿದ ಮೇಲೆ ಅಚ್ಚನ್ನು ಒಂದಿಷ್ಟು ಇಳಿಸಬೇಕು, ಮತ್ತೆ ಏರಿಸಬೇಕು, ಮತ್ತೆ ಇಳಿಸಬೇಕು. ಹಾಗಾಗಿ ಅದು ಜಾಕಿನ ಮೇಲೇ ಕೂರಬೇಕಾಗಿತ್ತು. ಎಣ್ಣೆ ತುಂಬಿದ ಜಾಕು. ಹಿಡಿ ಒತ್ತಿದರೆ ಏರುತ್ತದೆ, ಬುಡದ ತಿರುಪನ್ನು ಕಾಲು ಸುತ್ತು ತಿರುಗಿಸಿದರೆ ಮೆಲ್ಲಗೆ ಇಳಿಯುತ್ತದೆ, ಮುಚ್ಚಿದರೆ ನಿಲ್ಲುತ್ತದೆ. ಪೂರ್ತಿ ತಿರುಗಿಸಿದರೆ ಧೊಪ್ಪೆಂದು ಇಳಿಯುತ್ತದೆ. ಜಾಕು ಹಿಡಿಯುವವನು ಹೊರಗೆ, ಕೆಲಸ ಮಾಡುವವನು ಅಡಿಗೆ. ಒಬ್ಬರ ಮುಖ ಒಬ್ಬರಿಗೆ ಕಾಣುವುದಿಲ್ಲ. ಅದಕ್ಕೆ ಹುಬ್ಬಳ್ಳಿಯಲ್ಲಿ ಅವನ ಉಸ್ತಾದರು ಒಂದು ಕಟ್ಟಳೆ ಮಾಡಿದ್ದರಂತೆ: ಕೆಲಸದ ಹೊತ್ತಿಗೆ ನಾಲ್ಕೇ ಮಾತು. ‘ಎತ್ತು’ ಅಂದರೆ ಏರಿಸುವುದು. ‘ಸಾಕು’ ಅಂದರೆ ನಿಲ್ಲಿಸುವುದು. ‘ಬಿಡು’ ಅಂದರೆ ಇಳಿಸುವುದು. ‘ಬಂದೆ’ ಅಂದರೆ ನಾನು ಹೊರಗೆ ಬಂದಿದ್ದೇನೆ. ಐದನೆಯ ಮಾತು ಆಡಬಾರದು; ಯಾರು ಬಂದರೂ, ಏನು ಕೇಳಿದರೂ.

ಮೊದಲ ದಿನ ಬಲಬದಿ ಮುಗಿಯಿತು. ಹೊನ್ನಪ್ಪ ಜಾಕಿನ ಹತ್ತಿರ ಕುಕ್ಕರಗಾಲಲ್ಲಿ ಕೂತಿದ್ದ. ‘ಎತ್ತು.’ ‘ಸಾಕು.’ ‘ಬಿಡು.’ ‘ಸಾಕು.’ ಇಡೀ ದಿನ ಅಂಗಳದಲ್ಲಿ ಅಷ್ಟೇ ಮಾತು. ನಾನು ಚಾ ತಂದು, ‘ಎಂತಾ, ಮೌನವ್ರತವಾ ಇಬ್ರಿಗೂ?’ ಎಂದು ಕೇಳಿದರೆ ಹೊನ್ನಪ್ಪ ತುಟಿಗೆ ಬೆರಳಿಟ್ಟ. ಸುಬ್ಬು ‘ಬಂದೆ’ ಎಂದು ಹೊರಗೆ ಉರುಳಿ ಬಂದ ಮೇಲೆ, ‘ಅಕ್ಕನ ಬಾಯಿಗೆ ಬ್ರೇಕ್ ಇಲ್ಲ, ಅವ್ಳನ್ನ ಇದ್ರ ಹತ್ರ ಬಿಟ್ಕಂಬುಕೆ ಆಗುದಿಲ್ಲ’ ಎಂದು ನಕ್ಕ. ನಾನು ಚಾದ ಲೋಟವನ್ನು ಕುಕ್ಕಿ ಇಟ್ಟು ಹೋದೆ.

ಆ ಸಂಜೆ ಮುಟ್ಟಳ್ಳಿಯಿಂದ ಮಾತು ಬಂತು. ಭಟ್ಕಳದ ಹತ್ತಿರದ ಮುಟ್ಟಳ್ಳಿಯಲ್ಲಿ ಒಂದು ಮನೆಗೆ ಹಂಚು ಇಳಿಸಲು ಹೋದ ಸುಬ್ಬು ಆ ಮನೆಯ ಹುಡುಗಿ ಭವಾನಿಯನ್ನು ನೋಡಿ ಬಂದಿದ್ದ. ಅವಳೂ ಇವನನ್ನು ನೋಡಿದ್ದಳು. ಒಡೆದ ಹಂಚು ಎಣಿಸುವ ನೆವದಲ್ಲಿ ಇಬ್ಬರೂ ಅರ್ಧ ದಿನ ಮಾತಾಡಿದ್ದರಂತೆ! ಆಯಿ ಸಂಬಂಧ ಕೇಳಿಸಿದ್ದಳು. ಬಂದ ಉತ್ತರ ಇಷ್ಟು: ಹುಡುಗನ ಬಗ್ಗೆ ಎರಡು ಮಾತಿಲ್ಲ, ಆದರೆ ಮನೆಯಲ್ಲಿ ಬಿಟ್ಟವಳೊಬ್ಬಳು ಕೂತಿದ್ದಾಳಲ್ಲ, ಅವಳದ್ದೊಂದು ದಾರಿ ಆದ ಮೇಲೆ ನೋಡುವ. ಆಯಿ ನನ್ನ ಎದುರು ಹೇಳಲಿಲ್ಲ. ನಾನು ಹಿತ್ತಲಲ್ಲಿ ನಿಂತು ಕೇಳಿಸಿಕೊಂಡೆ. ಸುಬ್ಬು ಬಾವಿಕಟ್ಟೆಗೆ ಹೋಗಿ ಗ್ರೀಸಿನ ಕೈಯನ್ನು ತುಂಬ ಹೊತ್ತು ತೊಳೆದ.

ಮರುದಿನ ಹೊನ್ನಪ್ಪ ಬಂದು ಬಾಗಿಲಲ್ಲಿ ನಿಂತ. ಹರಕೆಗೆ ಇವತ್ತೇ ಹೇಳಿಕೊಂಡಿದ್ದ, ಆದರೆ ಕೆಲಸ ಅರ್ಧಕ್ಕಿದೆ, ಮುಂದೆ ಹಾಕುತ್ತೇನೆ ಅಂದ. ಸುಬ್ಬು, ‘ದೇವ್ರ ಕೆಲ್ಸ ಮುಂದೆ ಹಾಕೂಕೆ ಆಗ್ತದ್ಯಾ? ಮಗೂನ ಕರ್ಕಂಡು ಹೋಗಿ ಬಾ. ನಾಳೆ ಮಾಡುವ’ ಅಂದ. ನಾಳೆ ಮಾಡುವ ಅಂದಿದ್ದ ಅವನು. ನಾಳೆಯ ತನಕ ಅವನನ್ನು ಕಾಯಗೊಡದವಳು ನಾನು. ಹಂಚಿನವರು ಎರಡು ಸಲ ಬಂದು ಹೋಗಿದ್ದರು, ನನಗೆ ಮೊದಲೇ ತಲೆ ಕೆಟ್ಟಿತ್ತು. ‘ಜಾಕು ಹಿಡೂಕೆ ಎಂತ ಮ್ಯಾಟ್ರಿಕ್ ಪಾಸಾಗ್ಬೇಕಾ? ನಾ ಹಿಡೀತೆ. ಹೋಗು ಹೊನ್ನಪ್ಪಾ, ನಂಗೂ ಪ್ರಸಾದ ತಗಬಾ’ ಅಂದೆ. ಹೊನ್ನಪ್ಪ ಸುಬ್ಬುವಿನ ಮುಖ ನೋಡಿದ. ಸುಬ್ಬು, ‘ಅಕ್ಕ ಮಾತಾಡದೆ ಕೂತ್ಕಂಡ್ರೆ ಆತು’ ಅಂದ. ‘ಕೂತ್ಕಂತೆ’ ಅಂದೆ.

ಎಡಬದಿಗೂ ಅವನು ಎಲ್ಲವನ್ನೂ ಮೊದಲಿನಿಂದ ಮಾಡಿದ. ಕಲ್ಲು, ದಿಮ್ಮಿ, ತಳ್ಳಿ ನೋಡುವುದು. ನನಗೆ ತಿರುಪು ತಿರುಗಿಸುವುದನ್ನು ಕಲಿಸಿದ. ಹತ್ತು ಸಲ ಮಾಡಿಸಿದ. ‘ಕಾಲು ಸುತ್ತು ಅಕ್ಕ. ಕೋಳಿಮರಿ ಬಾಯಿಗೆ ನೀರ್ ಹನ್ಸಿದಂಗೆ.’ ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂತೆ. ಚಕ್ರ ತೆಗೆದ. ಅಡಿಗೆ ಹೋಗಿ ಅಚ್ಚಿಗೂ ಪಾಟಾಕ್ಕೂ ಹಾಕಿದ ದೊಡ್ಡ ಬೋಲ್ಟುಗಳ ನಟ್ಟಿಗೆ ಸೀಮೆಎಣ್ಣೆ ಬಿಟ್ಟು ಒಂದೊಂದೇ ಬಿಚ್ಚಿದ. ‘ಬಿಡು’ ಅಂದ, ಕಾಲು ಸುತ್ತು ಬಿಟ್ಟೆ. ‘ಸಾಕು’ ಅಂದ, ಮುಚ್ಚಿದೆ. ‘ಎತ್ತು’ ಅಂದ, ಒತ್ತಿದೆ. ಅಡಿಯಿಂದ, ‘ಅಕ್ಕ ಹೊನ್ನಪ್ಪನ ಕೆಲ್ಸ ಕಳೀತಾಳೆ’ ಎಂದು ಅವನೇ ಐದನೆಯ ಮಾತು ಆಡಿದ. ಮೊದಲು ಕಟ್ಟಳೆ ಮುರಿದವನು ಅವನೇ ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಹಾಗೆ ಹೇಳಿಕೊಂಡ ಪ್ರತಿ ಸಲ ನನ್ನ ಮೇಲೆ ನನಗೇ ಹೇಸಿಗೆ ಬಂದಿದೆ.

ಎರಡು ಪಾಟಾ ತೆಗೆದಾಯಿತು. ಉಳಿದದ್ದನ್ನು ಅಚ್ಚಿನ ಮೇಲೆ ಕೂರಿಸುವ ಮೊದಲು ಅಚ್ಚಿನ ಗುಳಿಯಲ್ಲಿ ತುಂಬಿದ್ದ ಹಳೇ ಗ್ರೀಸು ಕೆರೆಯಬೇಕಾಗಿತ್ತು. ಒಂದು ಮೊಣಕೈ ನೆಲಕ್ಕೂರಿ, ಎದೆ ಎತ್ತಿಕೊಂಡು, ಅಚ್ಚಿನ ಅಡಿಯಿಂದ ಕೈ ಮೇಲಕ್ಕೆ ಚಾಚಿ ಕೆರೆಯುತ್ತಿದ್ದ. ಕರಕರ ಸದ್ದು ಕೇಳುತ್ತಿತ್ತು. ನನಗೆ ಕೆಲಸವಿರಲಿಲ್ಲ. ಸುಮ್ಮನೆ ಕೂತರೆ ನನ್ನ ತಲೆಯೊಳಗೆ ಮುಟ್ಟಳ್ಳಿಯ ಮಾತೇ ಮೊಳಗುತ್ತಿತ್ತು. ನಾನು ಬಾಯಿ ಬಿಟ್ಟೆ.

‘ಸುಬ್ಬು, ನಾ ವಾಪಸ್ ಹೋಗ್ತೆ’ ಅಂದೆ.

ಕೆರೆಯುವುದು ನಿಂತಿತು. ‘ಎಲ್ಲಿಗೆ?’

‘ಎಲ್ಲಿಗೆ ಅಂದ್ರೆ? ಅವನ ಮನೆಗೆ. ಮೂಲೇಲಿ ಬಿದ್ಕಂಡಿರ್ತೆ. ಅವಳ ಮಕ್ಕಳನ್ನ ಎತ್ತಾಡ್ಸ್ಕಂಡು ಇರ್ತೆ. ಮುಟ್ಟಳ್ಳಿಯವ್ರು ಒಪ್ತಾರೆ.’

ಅವನು ನಕ್ಕ ಹಾಗೆ ಕೇಳಿಸಿತು. ಮತ್ತೆ ಕೆರೆಯತೊಡಗಿದ. ನನಗೆ ಸಿಟ್ಟು ಬಂತು. ನನ್ನ ಸಿಟ್ಟಿಗೆ ಯಾವಾಗಲೂ ಕಣ್ಣೀರು ಜೊತೆ. ‘ನಗ್ಬೇಡ. ನಿನ್ನ ಬಾಳು ನಾ ಹಾಳ್ ಮಾಡುದಿಲ್ಲ. ಆಯಿ ನಿನ್ನೆ ಊಟ ಮಾಡ್ಲಿಲ್ಲ, ಗೊತ್ತಿದ್ಯಾ? ನಾ ನಾಳೆ ಬೆಳಿಗ್ಗೆ ಬಸ್ಸಿಗೆ ಹೋಗ್ತೆ. ಟ್ರಂಕು ಹಾಂಗೇ ಇದೆ. ನೀ ತಡೀಬೇಡ, ನಾ ಹೋಗೂದೇ’ ಎಂದು ಒಂದೇ ಸಮನೆ ಹೇಳುತ್ತ ಹೋದೆ. ಕಣ್ಣು ತುಂಬಿ ಜಾಕು ಕಾಣುತ್ತಿರಲಿಲ್ಲ. ಆಗ ಅಡಿಯಿಂದ ಅವನ ದನಿ ಬಂತು, ಮೆತ್ತಗೆ.

‘ಬಿಡು ಅಕ್ಕ.’

ನಾನು ತಿರುಪು ತಿರುಗಿಸಿದೆ. ಕಾಲು ಸುತ್ತಲ್ಲ. ಸಿಟ್ಟಿನ ಕೈಗೆ ಅಳತೆ ಎಲ್ಲಿಂದ ಬರಬೇಕು? ಪೂರ್ತಿ ತಿರುಗಿಸಿದೆ.

ಎಂಥಾ ಭಾಷೆ ನಮ್ಮದು! ಹೋಗಲಿ, ಆ ಮಾತು ಇಲ್ಲಿಗೆ ನಿಲ್ಲಿಸು, ನೀನು ಎಲ್ಲಿಗೂ ಹೋಗಬೇಕಾಗಿಲ್ಲ ಅನ್ನುವುದಕ್ಕೂ ಅದೇ. ಇಳಿಸು ಅನ್ನುವುದಕ್ಕೂ ಅದೇ. ದಿನಕ್ಕೆ ನೂರು ಸಲ ಮನೆಯಲ್ಲಿ ಆಡುವ ಮಾತು. ಬೆಳಿಗ್ಗೆಯಿಂದ ಅವನು ಆ ಮಾತು ಅಂದಾಗಲೆಲ್ಲ ನನ್ನ ಕೈ ತಿರುಪಿಗೆ ಹೋಗುತ್ತಿತ್ತು. ಮನಸ್ಸು ಒಂದು ಮಾತು ಕೇಳುತ್ತಿತ್ತು, ಕೈ ಇನ್ನೊಂದು ಕೇಳಿತು. ‘ಅಕ್ಕ’ ಎಂದು ಸೇರಿಸಿದ್ದನಲ್ಲ, ಅದಾದರೂ ನನಗೆ ತಿಳಿಯಬಾರದಾಗಿತ್ತೇ?

ಅಚ್ಚು ಬಿದ್ದ ಸದ್ದು ದೊಡ್ಡದಾಗಿರಲಿಲ್ಲ. ಅವನು ಕೂಗಲಿಲ್ಲ, ಉಸಿರು ಹೊರಗೆ ಹೋದ ಸದ್ದು ಮಾತ್ರ ಬಂತು. ನಾನು ಬಗ್ಗಿ ನೋಡಿದೆ. ಆಮೇಲೆ ಜಾಕಿನ ಹಿಡಿ ಒತ್ತತೊಡಗಿದೆ. ಒತ್ತಿದೆ, ಒತ್ತಿದೆ, ಅಚ್ಚು ಒಂದು ನೂಲಿನಷ್ಟೂ ಏರಲಿಲ್ಲ. ತಿರುಪು ಮುಚ್ಚದೆ ಜಾಕು ಏರುವುದಿಲ್ಲ. ಬೆಳಿಗ್ಗೆ ಹತ್ತು ಸಲ ಕಲಿಸಿದ್ದ. ಅದು ನನ್ನ ತಲೆಗೆ ಬರಲೇ ಇಲ್ಲ. ‘ಏರು, ಏರು’ ಎಂದು ಕೂಗುತ್ತ ಒತ್ತುತ್ತಲೇ ಇದ್ದೆನಂತೆ. ಹಿತ್ತಲಲ್ಲಿದ್ದ ಆಯಿ ಓಡಿ ಬಂದಳು. ರಸ್ತೆಯಲ್ಲಿ ಹೋಗುತ್ತಿದ್ದವರು, ಎದುರಿನ ಚಾದಂಗಡಿಯವರು ಬಂದು, ನನ್ನನ್ನು ಪಕ್ಕಕ್ಕೆಳೆದು, ಗಳ ಕೊಟ್ಟು ಅಚ್ಚನ್ನು ಎತ್ತಿ ಅವನನ್ನು ಹೊರಗೆ ತೆಗೆದರು. ಮೈಮೇಲೆ ಹೆಚ್ಚು ರಕ್ತವಿರಲಿಲ್ಲ. ಕಣ್ಣು ಬಿಟ್ಟಿದ್ದ. ಕುಮಟೆಗೆ ಹೋಗುವ ಒಂದು ಲಾರಿಯನ್ನು ಅಡ್ಡ ಹಾಕಿ ನಿಲ್ಲಿಸಿ, ಮನೆಯ ಬಾಗಿಲು ಕಿತ್ತು ಅದರ ಮೇಲೆ ಮಲಗಿಸಿ ಆಸ್ಪತ್ರೆಗೆ ಒಯ್ದೆವು. ದಾರಿಯುದ್ದಕ್ಕೂ ಅವನ ತಲೆ ನನ್ನ ತೊಡೆಯ ಮೇಲಿತ್ತು.

ಎರಡು ದಿನ ಬದುಕಿದ್ದ. ಎದೆಯೊಳಗೆ ಮುರಿದಿತ್ತು; ಡಾಕ್ಟರು ನಮ್ಮ ಕಣ್ಣು ತಪ್ಪಿಸಿ ಓಡಾಡುತ್ತಿದ್ದರು. ಹವಾಲ್ದಾರ ಬಂದು ಹೇಗಾಯಿತೆಂದು ಕೇಳಿದಾಗ, ನಾನು ಬಾಯಿ ತೆರೆಯುವ ಮುಂಚೆ ಸುಬ್ಬು, ‘ಜಾಕು ಜಾರ್ತು’ ಅಂದ. ಮೂರು ಸಲ ಉಸಿರು ತೆಗೆದು ಮತ್ತೆ, ‘ಅಕ್ಕ ಅಲ್ಲಿರ್ಲಿಲ್ಲ. ಚಾ ತರೂಕೆ ಹೋಗಿತ್ತು’ ಅಂದ. ಓಡಿ ಬಂದವರು ನೋಡಿದ್ದು ನಾನು ಜಾಕು ಒತ್ತುತ್ತಿದ್ದದ್ದನ್ನು ಮಾತ್ರ; ಎಲ್ಲರೂ ಅವನ ಮಾತನ್ನೇ ನಂಬಿದರು. ಆಯಿ ಹೊರಗೆ ಹೋದಾಗ ನಾನು ಅವನ ಕಿವಿಯ ಹತ್ತಿರ ಬಗ್ಗಿ, ‘ಸುಬ್ಬು, ನಾನು...’ ಅಂದೆ. ಅವನು ನನ್ನ ಕೈ ಹಿಡಿದುಕೊಂಡ. ಅವನ ಉಗುರಿನಲ್ಲಿ ಇನ್ನೂ ಗ್ರೀಸಿತ್ತು. ‘ಆಯಿಗೆ ಹೇಳ್ಬೇಡ’ ಅಂದ. ‘ಆಣೆ ಹಾಕು.’ ಹಾಕಿದೆ. ಮಾರನೆಯ ಮಧ್ಯಾಹ್ನ, ಆಯಿ ಗಂಜಿಯ ತಿಳಿ ಆರಿಸುತ್ತಿರುವಾಗ, ಅವನು ಹೋದ.

ಅವನಿಗೆ ಇಪ್ಪತ್ತನಾಲ್ಕು ತುಂಬಿರಲಿಲ್ಲ.

ಆ ವರ್ಷ ಮಳೆ ಸಮಯಕ್ಕೆ ಸರಿಯಾಗಿ ಹಿಡಿಯಿತು. ಲಾರಿ ಅಂಗಳದಲ್ಲೇ ನಿಂತಿತ್ತು. ಯಾರೋ ಚಕ್ರ ಹಾಕಿ, ದಿಮ್ಮಿ ತೆಗೆದು, ಪಾಟಾವನ್ನು ಹೇಗೋ ಕಟ್ಟಿ ಬದಿಗೆ ಸರಿಸಿದ್ದರು. ಒಂದು ಬದಿ ಮೇಲೆ, ಒಂದು ಬದಿ ಕೆಳಗೆ. ಆಷಾಢದ ಮಳೆಯೆಲ್ಲ ಆ ವಾರೆಯ ಮೇಲೆ ಹರಿದು ಒಂದೇ ಕಡೆಗೆ ಸುರಿಯುತ್ತಿತ್ತು. ಆ ಸದ್ದು ಕೇಳಲಾರದೆ ನಾನು ಕಿವಿಗೆ ಸೆರಗು ತುರುಕಿ ಮಲಗುತ್ತಿದ್ದೆ. ಶ್ರಾವಣದಲ್ಲಿ ಯಾರೋ ಅದನ್ನು ಕೊಂಡು ಎಳೆದುಕೊಂಡು ಹೋದರು. ಸುಬ್ಬು ಹೋದ ವಾರಕ್ಕೇ ಮುಟ್ಟಳ್ಳಿಯಿಂದ ಭವಾನಿಯ ಅಪ್ಪ ಮಾತಾಡಿಸಲು ಬಂದಿದ್ದ. ನನ್ನ ಮುಖ ನೋಡಲಾರದೆ ಜಗುಲಿಯ ಕಂಬ ನೋಡುತ್ತ ಕೂತ. ಹುಡುಗಿ ವಾರದಿಂದ ಮಾತಾಡಿಲ್ಲ ಅಂದ. ನನಗೆ ಅವನ ಮೇಲೆ ಸಿಟ್ಟೂ ಬರಲಿಲ್ಲ.

ಆಯಿಗೆ ಯಾರ ಮೇಲಾದರೂ ಸಿಟ್ಟು ಬೇಕಾಗಿತ್ತು. ಅದು ಹೊನ್ನಪ್ಪನ ಮೇಲೆ ಬಿತ್ತು. ‘ಹರಕೆ ತೀರ್ಸೂಕೆ ಅದೇ ದಿನ ಬೇಕಾಗಿತ್ತಾ ಅವಂಗೆ? ಅವನಿದ್ರೆ ಜಾಕು ಜಾರ್ತಿತ್ತಾ? ನನ್ನ ಮಗನ್ನ ಬಿಟ್ಟು ಮಗಳನ್ನ ಕರ್ಕಂಡು ಹೋದ!’ ಬಂದವರಿಗೆಲ್ಲ ಇದನ್ನೇ ಹೇಳಿದಳು. ಸೂತಕ ಕಳೆಯುವ ದಿನ ಅವನು ಅಂಗಳಕ್ಕೆ ಬಂದಾಗ ಹಿಡಿ ಮಣ್ಣು ಎತ್ತಿ ಅವನ ಮೇಲೆ ಎಸೆದಳು. ಅವನು ತಲೆ ತಗ್ಗಿಸಿ ನಿಂತ. ನಾನು ಒಳಗಿದ್ದೆ. ಬಾಗಿಲ ಚಿಲಕ ಹಿಡಿದುಕೊಂಡು ನಿಂತಿದ್ದೆ. ಎರಡು ಹೆಜ್ಜೆ ಇಟ್ಟಿದ್ದರೆ ಸಾಕಾಗಿತ್ತು. ಆಣೆಯ ನೆನಪು ಮಾಡಿಕೊಂಡೆ. ನಿಜ ಹೇಳಬೇಕೆಂದರೆ ಆಣೆಗಿಂತ ಹೆದರಿಕೆಯೇ ದೊಡ್ಡದಿತ್ತು. ಆಯಿ ಆ ಕಣ್ಣಿನಿಂದ ನನ್ನನ್ನು ನೋಡುವುದು ನನಗೆ ಬೇಡವಾಗಿತ್ತು. ಆಮೇಲೆ ಹೊನ್ನಪ್ಪನನ್ನು ಯಾವ ಲಾರಿಯವರೂ ಕರೆಯಲಿಲ್ಲ. ಸಮಯಕ್ಕೆ ಕೈ ಕೊಡುವ ಕ್ಲೀನರ್ ಎಂದು ಹೆಸರಾಯಿತು. ಊರು ಬಿಟ್ಟು, ಉಪ್ಪಿನ ಆಗರದಲ್ಲಿ ಕೂಲಿಗೆ ನಿಂತನೆಂದು ಕೇಳಿದೆ.

ನಾನು ಏಳನೆಯ ತರಗತಿಯ ಮುಲ್ಕಿ ಪರೀಕ್ಷೆ ಪಾಸಾದವಳು. ಟೀಚರ್ ಟ್ರೈನಿಂಗ್ ಮಾಡಿ ಶಾಲೆಗೆ ಸೇರಿದೆ. ಮಕ್ಕಳು ‘ಅಕ್ಕೋರೆ’ ಅಂದಾಗಲೆಲ್ಲ ಮೊದಮೊದಲು ಬೆಚ್ಚುತ್ತಿದ್ದೆ. ಆಯಿ ಆರು ವರ್ಷ ಬದುಕಿದಳು. ಹೋಗುವ ವಾರವೂ ಹೊನ್ನಪ್ಪನಿಗೆ ಶಾಪ ಹಾಕಿದಳು. ನಾನು ಅವಳ ಕಾಲು ಒತ್ತುತ್ತ ಕೇಳಿದೆ. ಅವಳ ಹದಿಮೂರನೆಯ ದಿನ ಮುಗಿಸಿದ ಮೇಲೆ, ಇನ್ನು ಆಣೆಗೆ ಯಾರೂ ಉಳಿದಿಲ್ಲವೆಂದು ನಾನೇ ಹೊನ್ನಪ್ಪನ ಮನೆ ಹುಡುಕಿಕೊಂಡು ಹೋದೆ.

ಆಗರದ ಅಂಚಿನ ಸಣ್ಣ ಬಿಡಾರ. ಹೊನ್ನಪ್ಪ ಐವತ್ತಕ್ಕೆ ಮುಂಚೆಯೇ ಮುದುಕನಾಗಿದ್ದ, ಉಪ್ಪಿಗೆ ಪಾದ ಬಿರಿದಿತ್ತು. ‘ಬನ್ನಿ ಅಕ್ಕೋರೆ’ ಎಂದು ಚಾಪೆ ಹಾಸಿದ. ಒಳಗಿನಿಂದ ಒಬ್ಬ ಹುಡುಗಿ ನೀರು, ಬೆಲ್ಲ ತಂದಿಟ್ಟು ಗೋಡೆಗೆ ಒರಗಿ ನಿಂತಳು. ದೇವಿ; ಹದಿಮೂರರ ಹುಡುಗಿ, ಉದ್ದ ಬೆಳೆದಿದ್ದಳು.

‘ಹೊನ್ನಪ್ಪಾ, ಆ ದಿನ ಜಾಕು ಜಾರಲಿಲ್ಲ’ ಅಂದೆ.

‘ಗೊತ್ತು’ ಅಂದ.

ನಾನು ಎತ್ತಿಕೊಂಡಿದ್ದ ನೀರಿನ ಲೋಟ ಕೆಳಗಿಟ್ಟೆ.

‘ಇಡಗುಂಜಿಯಿಂದ ಬಂದು ಸುದ್ದಿ ಕೇಳಿ ಅಂಗಳಕ್ಕೆ ಓಡಿ ಬಂದೆ. ನೀವೆಲ್ಲ ಆಸ್ಪತ್ರೇಲಿ ಇದ್ರಿ. ಜಾಕು ನೋಡ್ದೆ. ತಿರುಪು ಪೂರ್ತಿ ಬಿಚ್ಚಿತ್ತು. ಜಾರೂ ಜಾಕಿನ ತಿರುಪು ಬಿಚ್ಚಿರೂದಿಲ್ಲ. ಪೊಲೀಸ್ರು ಬಪ್ಪೂಕೆ ಮುಂಚೆ ಮುಚ್ಚಿಟ್ಟೆ.’

‘ಮತ್ತೆ ಆಯಿ ಮಣ್ಣು ಹಾಕುವಾಗ ಎಂತಕೆ ಸುಮ್ನಿದ್ದೆ? ಎಂತಕೆ ಹೇಳ್ಲಿಲ್ಲ?’ ನನ್ನ ದನಿ ಜಗಳದ ದನಿಯಾಗಿತ್ತು. ಯಾರ ಮೇಲೆ ಜಗಳವೋ.

ಅವನು ಬೆಲ್ಲದ ತಟ್ಟೆಯನ್ನು ನನ್ನ ಕಡೆ ಸರಿಸಿದ. ಹಿಂದಿನಂತೆ ತಂಗೀ ಅಂದ. ‘ತಂಗೀ, ಆ ತಾಯಿಗೆ ಉಳಿದದ್ದು ನೀ ಒಬ್ಳೇ. ನಿನ್ನೂ ಕಳ್ಕಂಡ್ರೆ ಅದು ಯಾರ ಕೈಲಿ ಉಣ್ಬೇಕಾಗಿತ್ತು?’

ನಾನು ಅತ್ತೆ. ಆಯಿ ಸತ್ತಾಗಲೂ ಹಾಗೆ ಅತ್ತಿರಲಿಲ್ಲ. ಅತ್ತು, ಆ ದಿನ ಬೆಳಗಿನಿಂದ ನಡೆದದ್ದನ್ನು, ನಾನು ಬಾಯಿ ತೆರೆದದ್ದನ್ನು, ಅವನು ‘ಬಿಡು ಅಕ್ಕ’ ಅಂದದ್ದನ್ನು ಎಲ್ಲ ಹೇಳಿದೆ. ಹೊನ್ನಪ್ಪ ಕಣ್ಣೊರೆಸಿಕೊಳ್ಳುತ್ತ ಕೇಳಿದ. ಹೇಳಿ ಮುಗಿದ ಮೇಲೆ ನನಗೆ ಮೈ ಹಗುರಾಯಿತು ಎಂದೇ ಅನಿಸಿತು. ಆಗ ಗೋಡೆಯ ಹತ್ತಿರದಿಂದ ಆ ಹುಡುಗಿ, ನನ್ನನ್ನಲ್ಲ, ಅಪ್ಪನನ್ನು ಕೇಳಿದಳು:

‘ಅಂದ್ರೆ ನನ್ನ ಹರಕೆಯಿಂದ ಅಲ್ದಾ ಅಪ್ಪಾ, ಅವ್ರು ಸತ್ತದ್ದು?’

ಹೊನ್ನಪ್ಪ ತಲೆ ಎತ್ತಿ ಮಗಳನ್ನು ನೋಡಿದ. ಅವಳು ಇದನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದಾಳೆಂದು ಅವನಿಗೂ ಗೊತ್ತಿರಲಿಲ್ಲ. ‘ನಂಗೆ ಜ್ವರ ಬರದಿದ್ರೆ ನೀ ಹರಕೆ ಹೊರ್ತಿರ್ಲಿಲ್ಲ. ನಾ ಉಳ್ದದ್ದಕ್ಕೆ ಅವ್ರು ಹೋದ್ರು ಅಂತ ಧಾರೇಶ್ವರದಲ್ಲಿ ಎಲ್ಲರೂ ಹೇಳ್ತಿದ್ರು’ ಅಂದಳು. ಅವಳು ಅಳುತ್ತಿರಲಿಲ್ಲ. ಸುಮ್ಮನೆ ಕೇಳುತ್ತಿದ್ದಳು, ಶಾಲೆಯಲ್ಲಿ ಮಕ್ಕಳು ಲೆಕ್ಕ ಸರಿಯಿದೆಯೇ ಎಂದು ನನ್ನನ್ನು ಕೇಳುವ ಹಾಗೆ.

ಏಳು ವರ್ಷದ ಮಗುವಿನ ಮೇಲೆ ನಾನು ಅದನ್ನು ಹೊರಿಸಿದ್ದೆ. ಅಷ್ಟು ವರ್ಷ ನಾನು ಆಯಿಯ ಬಗ್ಗೆ ಯೋಚಿಸಿದ್ದೆ, ಹೊನ್ನಪ್ಪನ ಬಗ್ಗೆ ಯೋಚಿಸಿದ್ದೆ, ಎಲ್ಲಕ್ಕಿಂತ ಹೆಚ್ಚು ನನ್ನ ಬಗ್ಗೆಯೇ ಯೋಚಿಸಿದ್ದೆ. ಈ ಹುಡುಗಿ ನನ್ನ ನೆನಪಿಗೂ ಬಂದಿರಲಿಲ್ಲ.

ಹೊನ್ನಪ್ಪ ಏನೋ ಹೇಳಲು ಹೊರಟ. ನಾನು ಅವನನ್ನು ತಡೆದು, ಎದ್ದು, ಅವಳ ಎದುರು ಹೋಗಿ ನಿಂತೆ.

‘ಅಲ್ಲ ಮಗಾ’ ಅಂದೆ. ‘ನನ್ನಿಂದ.’